ಮಾಂಟ್ಗೊಮರಿ ಕೌಂಟಿಯಲ್ಲಿ ರೇಟಿಂಗ್ 5 ಇರೋ ಸರ್ಕಾರಿ ಶಾಲೆಗೆ ಮಕ್ಕಳನ್ನ ಸೇರಿಸಬಹುದಾ?

ಸೇರಿಸಬಹುದು. ನಮ್ಮ ಮನೆಯ ಎರಡೂ ಮಕ್ಕಳು ಓದ್ತಿರೋದು ಅಂಥ ಶಾಲೆಗಳಲ್ಲೇ. ಆದ್ರೆ ಒಂದು ಮಾತಲ್ಲಿ ಮುಗಿಸೋ ಪ್ರಶ್ನೆ ಅಲ್ಲ ನಿಮ್ಮದು, ಸ್ವಲ್ಪ ಕೂತು ಬರೀತೀನಿ.

ನೀವು ಆಗಸ್ಟಿಗೆ ಬೆಂಗಳೂರಿಂದ ಮೇರಿಲ್ಯಾಂಡಿಗೆ ಬರ್ತಿದ್ದೀರಿ. ಮಗಳು ನಾಲ್ಕನೇ ಕ್ಲಾಸಿಗೆ, ಮಗ ಎಂಟಕ್ಕೆ. ಜರ್ಮನ್‌ಟೌನ್ ಕಡೆ ಬಾಡಿಗೆ ಮನೆ ನೋಡಿದ್ದೀರಿ, ಆ ವಿಳಾಸಕ್ಕೆ ಬರೋ ಶಾಲೆಗೆ ಹತ್ತಕ್ಕೆ ಐದು ರೇಟಿಂಗ್. ನಿಮ್ಮ ಯಜಮಾನರ ಆಫೀಸಿನವರು "ಒಂಬತ್ತಕ್ಕಿಂತ ಕಡಿಮೆ ಇದ್ರೆ ಬೇಡ, ಕ್ರೌಡ್ ಸರಿ ಇರಲ್ಲ" ಅಂದಿದ್ದಾರೆ. "ತುಂಬಾ ಡೈವರ್ಸ್ ಅಂತಾರೆ, ಅದು ಒಳ್ಳೇದಾ ಕೆಟ್ಟದ್ದಾ, ಮಕ್ಕಳಿಗೆ, ತಂದೆ ತಾಯಿಗೆ ನಿಜವಾದ ಅನುಭವ ಹೇಗಿರುತ್ತೆ" ಅನ್ನೋದು ನಿಮ್ಮ ಪ್ರಶ್ನೆ.

ಮೊದಲು ಆ "ಕ್ರೌಡ್" ವಿಷಯ. ನಾನು ಗದಗಿನವಳು. ಚಿಕ್ಕವಳಿದ್ದಾಗ ನಮ್ಮವ್ವ "ಆ ಓಣಿ ಹುಡುಗ್ರ ಕೂಡ ಆಡಾಕ ಹೋಗಬ್ಯಾಡ" ಅಂತಿದ್ಲು. ಯಾಕ ಅಂತ ಕೇಳಿದ್ರೆ ಉತ್ತರ ಇಲ್ಲ, ಬರೇ ಕಣ್ಣಸನ್ನೆ. 2013ರಲ್ಲಿ ಇಲ್ಲಿಗೆ ಬಂದು ದೇಸಿ ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ ಸೇರಿದೆ. ಅಲ್ಲಿ ಮೊದಲ ಸಲ "ಕ್ರೌಡ್" ಅನ್ನೋ ಪದ ಓದಿದಾಗ ನನಗೆ ಅವ್ವನ ಆ ಸನ್ನೆಯೇ ಕಣ್ಣಿಗೆ ಬಂತು. ಇಲ್ಲಿ ಆ ಪದಕ್ಕೆ ಅರ್ಥ ಸ್ಪಷ್ಟ: ಅಪಾರ್ಟ್‌ಮೆಂಟುಗಳಲ್ಲಿರೋ ಎಲ್ ಸಾಲ್ವಡಾರ್, ಹೊಂಡುರಾಸ್ ಕಡೆಯ ಮನೆಗಳ ಮಕ್ಕಳು, ಕಪ್ಪು ಮಕ್ಕಳು. ಯಾರೂ ಬಾಯಿಬಿಟ್ಟು ಹೇಳಲ್ಲ. ಹಾಗಂತ ನಾನೇನೋ ಅವರಿಗಿಂತ ಮೇಲು ಅಂದ್ಕೋಬೇಡಿ, ನನ್ನ ಕಥೆಯೂ ಮುಂದೆ ಬರುತ್ತೆ.

ಇನ್ನೊಂದು ಪದವನ್ನೂ ಬೆಂಗಳೂರಲ್ಲೇ ಬಿಟ್ಟು ಬನ್ನಿ. ನಮ್ಮ ಕಡೆ "ಪಬ್ಲಿಕ್ ಸ್ಕೂಲ್" ಅಂದ್ರೆ ಡೊನೇಷನ್ ಕಟ್ಟಿ ಸೇರಿಸೋ ಶಾಲೆ. ಇಲ್ಲಿ ಅದು ಅಪ್ಪಟ ಸರ್ಕಾರಿ ಶಾಲೆ. ಫೀಸಿಲ್ಲ, ಇಂಟರ್ವ್ಯೂ ಇಲ್ಲ. ಬಾಡಿಗೆ ಕರಾರುಪತ್ರ, ಮಗುವಿನ ವಯಸ್ಸಿನ ದಾಖಲೆ, ಲಸಿಕೆ ಪಟ್ಟಿ ತೋರಿಸಿದ್ರೆ ಸೀಟು ಕೊಡಲೇಬೇಕು. ವೀಸಾ ಯಾವುದು ಅಂತ ಶಾಲೆಯವರು ಕೇಳಲ್ಲ. ಕಾಗದಪತ್ರ ಇಲ್ಲದ ಮಕ್ಕಳಿಗೂ ಶಾಲೆ ನಿರಾಕರಿಸೋ ಹಾಗಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಇದನ್ನ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಮೇರಿಲ್ಯಾಂಡಿನ ಶಾಲಾ ವ್ಯವಸ್ಥೆ ನ್ಯೂಜೆರ್ಸಿಯ ಹಾಗೆ ಊರಿಗೊಂದಲ್ಲ. ಕೌಂಟಿಗೊಂದು, ಬಾಲ್ಟಿಮೋರ್ ನಗರಕ್ಕೆ ಪ್ರತ್ಯೇಕ, ಒಟ್ಟು 24. ಮಾಂಟ್ಗೊಮರಿ ರಾಜ್ಯದಲ್ಲೇ ದೊಡ್ಡದು: 1.6 ಲಕ್ಷದ ಆಸುಪಾಸು ಮಕ್ಕಳು, 200ಕ್ಕೂ ಹೆಚ್ಚು ಶಾಲೆಗಳು. ವಾಷಿಂಗ್ಟನ್ನಿಗೆ ಅಂಟಿಕೊಂಡಿರೋ ಸಿಲ್ವರ್ ಸ್ಪ್ರಿಂಗ್, ಬೆಥೆಸ್ಡಾದಿಂದ ಹಿಡಿದು ಪೂಲ್ಸ್‌ವಿಲ್‌ನ ಹೊಲಗದ್ದೆಗಳವರೆಗೆ ಎಲ್ಲ ಇದರೊಳಗೇ. ಅಂದ್ರೆ ಪೊಟೋಮ್ಯಾಕ್‌ನ ಬಂಗಲೆಯವರ ಮಕ್ಕಳಿಗೂ ಗೇಥರ್ಸ್‌ಬರ್ಗಿನ ಅಪಾರ್ಟ್‌ಮೆಂಟಿನ ಮಕ್ಕಳಿಗೂ ಪಠ್ಯ ಒಂದೇ, ಟೀಚರ್‌ಗಳ ಸಂಬಳದ ಶ್ರೇಣಿ ಒಂದೇ, ಆಡಳಿತ ಮಂಡಳಿ ಒಂದೇ. ಆ ಮಂಡಳಿಯಲ್ಲಿ ಮಕ್ಕಳೇ ಮತ ಹಾಕಿ ಆರಿಸಿದ ಒಬ್ಬ ಹೈಸ್ಕೂಲ್ ವಿದ್ಯಾರ್ಥಿಯೂ ಇರ್ತಾನೆ ಅಥವಾ ಇರ್ತಾಳೆ, ಮತ ಹಾಕೋ ಹಕ್ಕಿನ ಸಮೇತ. ನನ್ನ ಮಗಳು ಏಳನೇ ಕ್ಲಾಸಿನಲ್ಲಿ ಮತ ಹಾಕಿ ಬಂದು ಎರಡು ದಿನ ಮನೆಯಲ್ಲಿ ನನಗೆ ಪ್ರಜಾಪ್ರಭುತ್ವದ ಪಾಠ ಮಾಡಿದ್ಲು. ನಾನಿನ್ನೂ ಈ ದೇಶದಲ್ಲಿ ಒಂದು ಮತವನ್ನೂ ಹಾಕಿಲ್ಲ.

ಡೈವರ್ಸ್ ಅನ್ನೋದು ಜಾಹೀರಾತಲ್ಲ, ನಿಜ. ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಲ್ಯಾಟಿನೋ ಮಕ್ಕಳು, ಹೆಚ್ಚುಕಮ್ಮಿ ಕಾಲು ಭಾಗ ಬಿಳಿಯರು, ಐದನೇ ಒಂದಕ್ಕಿಂತ ತುಸು ಮೇಲೆ ಕಪ್ಪುವರ್ಣೀಯರು, ಏಳರಲ್ಲಿ ಒಬ್ಬರು ಏಷ್ಯನ್ನರು. ಯಾರೂ ಬಹುಸಂಖ್ಯಾತರಲ್ಲ. ಕಪ್ಪುವರ್ಣೀಯರು ಅಂದ್ರೂ ಅದರೊಳಗೆ ಇಲ್ಲೇ ತಲೆಮಾರುಗಳಿಂದ ಇದ್ದವರು ಬೇರೆ, ಇಥಿಯೋಪಿಯಾ, ಕ್ಯಾಮರೂನಿನಿಂದ ಮೊನ್ನೆ ಬಂದವರು ಬೇರೆ. ಶಾಲೆಯಿಂದ ಬರೋ ಸುತ್ತೋಲೆಗಳು ಸ್ಪ್ಯಾನಿಷ್, ಚೀನೀ, ಕೊರಿಯನ್, ವಿಯೆಟ್ನಾಮಿ, ಫ್ರೆಂಚ್, ಅಮ್ಹಾರಿಕ್ ಭಾಷೆಗಳಲ್ಲೂ ಸಿಗ್ತವೆ. ಕನ್ನಡದಲ್ಲಿ ಇಲ್ಲ, ನಮ್ಮವರಿಗೆ ಅದರ ಬೇಜಾರೂ ಇಲ್ಲ.

ಇನ್ನು ರೇಟಿಂಗ್. ಆ ಒಂದರಿಂದ ಹತ್ತರ ಅಂಕಿಗೆ ದೊಡ್ಡ ಆಧಾರ ಪರೀಕ್ಷೆಯ ಅಂಕಗಳು. ಆ ಅಂಕಗಳು ಮನೆಯ ಆದಾಯ, ಅಪ್ಪ ಅಮ್ಮನ ಓದು, ಮಗುವಿಗೆ ಎಷ್ಟು ವರ್ಷದಿಂದ ಇಂಗ್ಲಿಷ್ ಬರುತ್ತೆ ಅನ್ನೋದರ ಬೆನ್ನಿಗೇ ಹೋಗ್ತವೆ. ಎರಡು ವರ್ಷದ ಹಿಂದೆ ಇಂಗ್ಲಿಷಿನ ಒಂದಕ್ಷರ ಬರದೆ ಬಂದ ಮಕ್ಕಳು ಕ್ಲಾಸಿಗೆ ಐದಾರು ಜನ ಇದ್ರೆ ಶಾಲೆಗೆ ಐದು ಬರುತ್ತೆ, ಟೀಚರ್ ಎಷ್ಟೇ ಚೆನ್ನಾಗಿದ್ರೂ. ನಿಮ್ಮ ಮಗಳಿಗೆ ಪಾಠ ಹೇಗೆ ಸಿಗುತ್ತೆ ಅನ್ನೋದು ಅದರಿಂದ ತಿಳಿಯಲ್ಲ. ಮನೆ ಮಾರೋ ಆ್ಯಪ್‌ಗಳಲ್ಲಿ ಬಾಡಿಗೆಯ ಪಕ್ಕಕ್ಕೇ ಆ ಅಂಕಿ ಕೂತಿರುತ್ತೆ ಅನ್ನೋದನ್ನ ಗಮನಿಸಿ. ಅದು ಶಾಲೆಗಿಂತ ಹೆಚ್ಚಾಗಿ ಬೀದಿಯ ರೇಟಿಂಗ್.

ಇಷ್ಟೆಲ್ಲ ಈಗ ಹೇಳ್ತೀನಿ. 2017ರಲ್ಲಿ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ನಾವೂ ಒಂಬತ್ತರ ಕಡೆಗೆ ಟೌನ್‌ಹೌಸ್ ನೋಡೋಕೆ ಹೋಗಿದ್ವಿ. ನಾಲ್ಕು ವಾರಾಂತ್ಯ ಅದೇ ಕೆಲಸ. ಅಷ್ಟೇ ಅಗಲದ ಮನೆ, ಅದೇ ಅಡುಗೆಮನೆ, ಅದೇ ಕಾರ್ಪೆಟ್ಟು, ಬೆಲೆ ಮಾತ್ರ ಒಂದೂವರೆ ಲಕ್ಷ ಡಾಲರ್ ಹೆಚ್ಚು. ಆದರ್ಶಕ್ಕೆ ಬಿಟ್ಟು ಬಂದಿದ್ದಲ್ಲ ನಾವು, ಸಾಲ ಎಟುಕಲಿಲ್ಲ. ಗ್ರೂಪಿನಲ್ಲಿ ಅದನ್ನ ಹೇಳೋಕೆ ನಾಚಿಕೆಯಾಗಿ "ಮಗಳಿಗೆ ಇಲ್ಲೇ ಫ್ರೆಂಡ್ಸ್ ಇದ್ದಾರೆ" ಅಂತ ಬರೆದೆ.

ಫ್ರೆಂಡ್ಸ್ ಇದ್ದದ್ದು ಸುಳ್ಳಲ್ಲ, ಆ ಗೆಳೆತನ ಶುರುವಾಗಿದ್ದೇ ಒಂದು ಫಾರ್ಮಿನಿಂದ. ಸೇರಿಸುವಾಗ ಮನೆಮಾತಿನ ಬಗ್ಗೆ ಮೂರು ಪ್ರಶ್ನೆ ಇರುತ್ತೆ: ಮಗು ಮೊದಲು ಕಲಿತ ಮಾತು ಯಾವುದು, ಈಗ ಹೆಚ್ಚಾಗಿ ಆಡೋದು ಯಾವುದು, ಮನೆಯಲ್ಲಿ ಆಡೋದು ಯಾವುದು. ನಾನು ಮೂರಕ್ಕೂ ದಪ್ಪಕ್ಷರದಲ್ಲಿ "ಕನ್ನಡ" ಅಂತ ಬರೆದೆ. ಅದರ ಮೇಲೆ ಮಗಳಿಗೆ ಇಂಗ್ಲಿಷ್ ಪರೀಕ್ಷೆ ಮಾಡಿದ್ರು, ದಿನಾ ಅರ್ಧ ಗಂಟೆ ಬೇರೆ ಕೋಣೆಯಲ್ಲಿ ಇಂಗ್ಲಿಷ್ ಪಾಠ ಅಂತ ಹೇಳಿದ್ರು. ಕನ್ನಡದ ಗೆಳತಿಯೊಬ್ಬಳು ತಲೆ ಚಚ್ಚಿಕೊಂಡ್ಲು. "ಇಂಗ್ಲಿಷ್ ಅಂತ ಬರೀಬೇಕಿತ್ತು ಮಾರಾಯ್ತಿ, ಎಲ್ರೂ ಹಾಗೇ ಬರಿಯೋದು, ಈಗ ಮಗೂಗೆ ಲೇಬಲ್ ಬಿತ್ತು." ಲೇಬಲ್ ಬಿತ್ತು, ಒಂದೂವರೆ ವರ್ಷಕ್ಕೆ ಕಳಚಿಯೂ ಹೋಯ್ತು. ಆ ಕೋಣೆಯಲ್ಲಿ ಇದ್ದದ್ದು ಆರೇ ಮಕ್ಕಳು. ಇಪ್ಪತ್ತೈದು ಮಕ್ಕಳ ಕ್ಲಾಸಿನಲ್ಲಿ ಬಾಯಿ ಬಿಡದ ನನ್ನ ಮಗಳು ಅಲ್ಲಿ ವಟವಟ ಮಾತಾಡೋಕೆ ಕಲಿತಳು. ನೀವೂ ಇದ್ದದ್ದನ್ನ ಇದ್ದ ಹಾಗೆ ಬರೀರಿ. ಇಂಗ್ಲಿಷ್ ಮೀಡಿಯಮ್ಮಿನಿಂದ ಬರೋ ನಿಮ್ಮ ಮಕ್ಕಳು ಆ ಪರೀಕ್ಷೆಯನ್ನ ಹೂ ಎತ್ತಿದ ಹಾಗೆ ಪಾಸು ಮಾಡ್ತಾರೆ, ಮಾಡದಿದ್ರೆ ಆ ಪಾಠ ಸಿಗೋದೇ ಒಳ್ಳೇದು.

ಆ ಆರರಲ್ಲಿ ಒಬ್ಬಳು ಇಥಿಯೋಪಿಯಾದ ಹುಡುಗಿ. ಅವರ ಮನೆಗೆ ಮೊದಲ ಸಲ ಊಟಕ್ಕೆ ಕರೆದಾಗ ನನಗೆ ಭಯ, ನಾವು ಶುದ್ಧ ಸಸ್ಯಾಹಾರಿಗಳು. ಅವರಮ್ಮ ನಕ್ಕು, ಇದು ಈಸ್ಟರಿಗೆ ಮೊದಲಿನ ಉಪವಾಸದ ಕಾಲ, ನಮ್ಮ ಮನೆಯಲ್ಲೂ ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ ಅಂದ್ರು. ಹುಳಿ ಬಂದ ದೊಡ್ಡ ದೋಸೆಯಂಥ ಇಂಜೆರಾ ಹಾಸಿ, ಅದರ ಮೇಲೆ ಶಿರೋ ಬಡಿಸಿದ್ರು. ಕಡಲೆ ಹಿಟ್ಟಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಖಾರ ಹಾಕಿ ಕುದಿಸಿದ್ದು. ಒಂದು ತುತ್ತು ಬಾಯಿಗಿಟ್ಟು ನಾನು ಗಂಡನ ಮುಖ ನೋಡಿದೆ. ಅವರು ಮೆಲ್ಲಗೆ "ಜುಣಕ" ಅಂದ್ರು. ಸ್ವಲ್ಪ ತೆಳುವಾಗಿತ್ತು ಅಷ್ಟೇ. ಮುಂದಿನ ತಿಂಗಳು ನಾನು ಜೋಳದ ರೊಟ್ಟಿ, ಜುಣಕ ಮಾಡಿ ಕಳಿಸಿದೆ. ಈಗ ಹತ್ತು ವರ್ಷವಾಯ್ತು, ಡಬ್ಬಿಗಳು ಓಡಾಡ್ತಾನೇ ಇವೆ, ಯಾವ ಡಬ್ಬಿ ಯಾರ ಮನೆಯದ್ದು ಅಂತ ಈಗ ಯಾರಿಗೂ ಗೊತ್ತಿಲ್ಲ.

ಮಗನ ಕಥೆ ಬೇರೆ. ಅವನಿಗೆ ಏಳು ವರ್ಷ ಇದ್ದಾಗ ಒಂದು ಶುಕ್ರವಾರ ಸಿಟ್ಟಾಗಿ ಮನೆಗೆ ಬಂದ. ಪಕ್ಕದ ಹುಡುಗನ ಬ್ಯಾಗಿಗೆ ವಾರಾವಾರ ಏನೋ ಒಂದು ಚೀಲ ಇಡ್ತಾರಂತೆ, ಅದರಲ್ಲಿ ಸೀರಿಯಲ್, ಮ್ಯಾಕರೋನಿ ಎಲ್ಲ ಇರುತ್ತಂತೆ, ತನಗೆ ಮಾತ್ರ ಕೊಡಲ್ಲವಂತೆ. "ನಾನೂ ಹೋಮ್‌ವರ್ಕ್ ಮಾಡ್ತೀನಲ್ಲ" ಅಂತ ಅಳು. ಅದು ಶನಿವಾರ ಭಾನುವಾರ ಶಾಲೆಯ ಊಟ ಇರಲ್ಲ ಅನ್ನೋ ಕಾರಣಕ್ಕೆ ಫುಡ್ ಬ್ಯಾಂಕಿನವರು ಕೆಲವು ಮಕ್ಕಳಿಗೆ ಕಳಿಸೋ ಚೀಲ. ಗೇಥರ್ಸ್‌ಬರ್ಗಿನ ಮನ್ನಾ ಸಂಸ್ಥೆ ಈ ಜಿಲ್ಲೆಯ ಶಾಲೆಗಳಿಗೆ ಹಾಗೆ ಕಳಿಸುತ್ತೆ. ಏಳು ವರ್ಷದವನಿಗೆ ನಾನು ಏನು ಹೇಳಬೇಕು? "ಅವನಿಗೆ ಬೇಕಾಗಿದೆ, ನಿನಗೆ ಬೇಕಾಗಿಲ್ಲ" ಅಂದೆ. "ನನಗೆ ಮ್ಯಾಕರೋನಿ ಬೇಕು" ಅಂದ. ಅವತ್ತು ಮ್ಯಾಕರೋನಿ ಮಾಡಿದೆ. ಒಂಬತ್ತು ರೇಟಿಂಗಿನ ಶಾಲೆಯಲ್ಲಿ ಈ ಅಳು ಇರ್ತಿರಲಿಲ್ಲ ಅನ್ಸುತ್ತೆ.

ಸಿಹಿ ಕಥೆ ಸಾಕು. ಎಲಿಮೆಂಟರಿ ಶಾಲೆಯಲ್ಲಿ ಎಲ್ಲ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂರ್ತಾರೆ. ಆರನೇ ಕ್ಲಾಸಿಗೆ ಬಂದ ಮೇಲೆ ಮೆಲ್ಲಗೆ ಜರಡಿ ಹಿಡಿಯೋದು ಶುರು. ಗಣಿತ ಮೇಲಿನದ್ದಾ ಮಾಮೂಲಿದ್ದಾ, ಇಂಗ್ಲಿಷ್ ಮೇಲಿನದ್ದಾ ಮಾಮೂಲಿದ್ದಾ. ಹೈಸ್ಕೂಲಿನಲ್ಲಿ ಅದು ಕಣ್ಣಿಗೆ ಹೊಡೆಯುತ್ತೆ. ಒಂದು ಸಲ ಯಾವುದೋ ಕಾಗದಕ್ಕೆ ಸಹಿ ಹಾಕೋಕೆ ನಡುಮಧ್ಯಾಹ್ನ ಶಾಲೆಗೆ ಹೋಗಿದ್ದೆ. ಗಂಟೆ ಹೊಡೀತು. ಎರಡು ಸಾವಿರ ಮಕ್ಕಳು ಒಟ್ಟಿಗೆ ಕಾರಿಡಾರಿಗೆ ಬಂದ್ರು, ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಹಬ್ಬದ ಹಿಂದಿನ ದಿನ ನಿಂತ ಹಾಗಾಯ್ತು: ಹಿಜಾಬು, ಜಡೆ, ಸೊಂಟದ ಕೆಳಗಿಳಿದ ಪ್ಯಾಂಟು, ಕ್ರಿಕೆಟ್ ಬ್ಯಾಟು, ಸ್ಪ್ಯಾನಿಷಿನಲ್ಲಿ ಒಂದು ಜಗಳ. ಐದು ನಿಮಿಷಕ್ಕೆ ಬಾಗಿಲು ಮುಚ್ಚಿದ್ವು. ಆಫೀಸಿಗೆ ಹೋಗೋ ದಾರಿಯಲ್ಲಿ ಕಿಟಕಿಗಳಿಂದ ಒಳಗೆ ನೋಡ್ತಾ ಹೋದೆ. ಮೇಲಿನ ಕ್ಯಾಲ್ಕ್ಯುಲಸ್ ಕ್ಲಾಸಿನಲ್ಲಿ ಬಹುಪಾಲು ನಮ್ಮಂಥವರ ಮಕ್ಕಳು, ಚೀನಾದವರ ಮಕ್ಕಳು, ಒಂದಷ್ಟು ಬಿಳಿಯರು. ಎದುರು ಕೋಣೆಯ ಮಾಮೂಲಿ ಗಣಿತದಲ್ಲಿ ಅವರು ಯಾರೂ ಇಲ್ಲ. ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಆ ಎರಡು ಕಿಟಕಿಗಳಲ್ಲಿದೆ. ಡೈವರ್ಸ್ ಶಾಲೆ ಅಂತ ಹೇಳೋದು ಗೇಟಿನ ಲೆಕ್ಕ, ಕೋಣೆಯ ಲೆಕ್ಕ ಬೇರೆ. ಕೋಣೆಯನ್ನ ಹಾಗೆ ಮಾಡಿದ್ದರಲ್ಲಿ ಮೂರನೇ ಕ್ಲಾಸಿನಿಂದಲೇ ಶನಿವಾರದ ಗಣಿತ ಟ್ಯೂಷನ್ನಿಗೆ ಕಳಿಸಿದ ನನ್ನ ಪಾಲೂ ಇದೆ. ಕಳಿಸಿದ್ದಕ್ಕೆ ಪಶ್ಚಾತ್ತಾಪ ಇಲ್ಲ, ಆದ್ರೆ ನೋಡಿದ್ದನ್ನ ನೋಡಿಲ್ಲ ಅನ್ನೋಕೂ ಆಗಲ್ಲ.

ಈ ಜರಡಿ ಬಗ್ಗೆ ಇಲ್ಲಿ ದೊಡ್ಡ ಜಗಳಗಳೇ ಆಗಿವೆ. ಪ್ರತಿಭಾವಂತರಿಗೆ ಅಂತ ಇರೋ ಮ್ಯಾಗ್ನೆಟ್ ಕಾರ್ಯಕ್ರಮಗಳಿಗೆ ಮುಂಚೆ ಅಪ್ಪ ಅಮ್ಮ ಅರ್ಜಿ ಹಾಕಿ ಮಕ್ಕಳನ್ನ ಪರೀಕ್ಷೆಗೆ ಕೂರಿಸಬೇಕಿತ್ತು. ಗೊತ್ತಿದ್ದವರು ಕೂರಿಸಿದ್ರು, ಎರಡು ಕೆಲಸ ಮಾಡೋ ತಾಯಿಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಆಮೇಲೆ ಅರ್ಜಿಯಿಲ್ಲದೆ ಎಲ್ಲ ಮಕ್ಕಳ ಅಂಕವನ್ನೂ ನೋಡೋ ಪದ್ಧತಿ ತಂದ್ರು, ಕೋವಿಡ್ ಕಾಲದಲ್ಲಿ ಅರ್ಹರಾದವರ ಹೆಸರನ್ನ ಲಾಟರಿಗೆ ಹಾಕೋಕೆ ಶುರು ಮಾಡಿದ್ರು. ಏಷ್ಯನ್ ಪೋಷಕರ ಗುಂಪೊಂದು ಕೋರ್ಟಿಗೂ ಹೋಯ್ತು. ನಮ್ಮ ಗ್ರೂಪಿನಲ್ಲಿ ಆ ವಾರ ಊರ ಜಾತ್ರೆಯ ಗದ್ದಲ. 2019ರಲ್ಲಿ ಶಾಲೆಗಳ ಗಡಿ ಪರಿಶೀಲಿಸ್ತೀವಿ ಅಂದಾಗಲೂ ಅಷ್ಟೇ, ಸಭೆಗಳಲ್ಲಿ ಕೂಗಾಟ. "ಎಲ್ಲರಿಗೂ ಸ್ವಾಗತ" ಅನ್ನೋ ಬೋರ್ಡನ್ನ ಮನೆ ಮುಂದಿನ ಹುಲ್ಲಿನಲ್ಲಿ ನೆಟ್ಟವರೂ ತಮ್ಮ ಮಗುವಿನ ಶಾಲೆ ಬದಲಾಗುತ್ತೆ ಅಂದಾಗ ಮೈಕ್ ಹಿಡಿದಿದ್ರು.

ಎಲ್ಲ ಬಗೆಯ ಜನ ಇದ್ದಾರೆ ಅಂದ್ರೆ ಎಲ್ಲರ ಅಭಿಪ್ರಾಯವೂ ಉದಾರವಾದದ್ದೇ ಅಂತಲ್ಲ. ಸಲಿಂಗ ಜೋಡಿಗಳ ಕಥೆಯಿದ್ದ ಚಿತ್ರಪುಸ್ತಕಗಳನ್ನ ಎಲಿಮೆಂಟರಿ ಕ್ಲಾಸುಗಳಿಗೆ ತಂದು, ಬೇಡ ಅಂದವರ ಮಕ್ಕಳನ್ನ ಹೊರಗಿಡೋ ಅವಕಾಶವನ್ನ 2023ರಲ್ಲಿ ತೆಗೆದಾಗ, ಬೀದಿಗಿಳಿದದ್ದು ಮುಸ್ಲಿಮರು, ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು, ಕ್ಯಾಥೊಲಿಕರು, ಎಲ್ಲ ಒಟ್ಟಿಗೆ. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ 2025ರ ಜೂನ್ 27ರಂದು 6-3ರಲ್ಲಿ ಪೋಷಕರ ಪರವಾಯ್ತು. ನನ್ನ ಜುಣಕದ ಗೆಳತಿ ಒಂದು ಕಡೆ, ನಾನು ಇನ್ನೊಂದು ಕಡೆ. ಅದೊಂದು ವಿಷಯ ನಾವಿಬ್ಬರೂ ಎತ್ತಲ್ಲ.

ಹಬ್ಬದ ರಜೆಯ ಪಜೀತಿಯೂ ಹೀಗೇ. ಯಹೂದಿಗಳ ಹಬ್ಬಕ್ಕೆ ರಜೆ ಇದೆ, ಈದ್‌ನ ಹೆಸರನ್ನೂ ಕ್ಯಾಲೆಂಡರಿನಲ್ಲಿ ಹಾಕಿ ಅಂತ ಮುಸ್ಲಿಂ ಕುಟುಂಬಗಳು ಕೇಳಿದ್ರೆ, 2014ರಲ್ಲಿ ಮಂಡಳಿ ಎಲ್ಲ ಧರ್ಮದ ಹಬ್ಬಗಳ ಹೆಸರನ್ನೇ ಅಳಿಸಿ, ರಜೆಗಳನ್ನ ಮಾತ್ರ ಇದ್ದ ಹಾಗೇ ಇಟ್ಟಿತು. ನೀವು ಯುಗಾದಿಗೋ ಗಣೇಶನ ಹಬ್ಬಕ್ಕೋ ಮಗುವನ್ನ ಮನೆಯಲ್ಲಿ ಇಟ್ಕೊಂಡ್ರೆ ಧಾರ್ಮಿಕ ಕಾರಣ ಅಂತ ಒಂದು ಸಾಲು ಬರೆದು ಕಳಿಸಿ, ಸಾಕು, ಗೈರುಹಾಜರಿಗೆ ತೊಂದರೆ ಇಲ್ಲ.

ಭಯದ ವಿಷಯ ನೀವು ಕೇಳಿಲ್ಲ, ಆದ್ರೆ ಮನಸ್ಸಿನಲ್ಲಿ ಇದ್ದೇ ಇರುತ್ತೆ. 2022ರ ಜನವರಿಯಲ್ಲಿ ಈ ಜಿಲ್ಲೆಯ ಒಂದು ಹೈಸ್ಕೂಲಿನ ಟಾಯ್ಲೆಟ್ಟಿನಲ್ಲಿ ಒಬ್ಬ ಹುಡುಗ ಇನ್ನೊಬ್ಬನಿಗೆ ಗುಂಡು ಹೊಡೆದ. ಲಾಕ್‌ಡೌನ್ ಡ್ರಿಲ್ ಅಂತ ಐದು ವರ್ಷದ ಮಕ್ಕಳೂ ದೀಪ ಆರಿಸಿ ಮೂಲೆಯಲ್ಲಿ ಸದ್ದಿಲ್ಲದೆ ಕೂರೋದು ಕಲೀತಾರೆ. ಇದು ಐದು, ಒಂಬತ್ತು ಅಂತ ನೋಡಿ ಬರೋ ಭಯ ಅಲ್ಲ, ದೇಶದ್ದು.

ಈಗ ನಿಮ್ಮ ಮಕ್ಕಳ ವಿಷಯ. ಮಗಳಿಗೆ ನಾಲ್ಕನೇ ಕ್ಲಾಸು ಒಳ್ಳೆ ವಯಸ್ಸು, ಒಂದು ತಿಂಗಳಲ್ಲಿ ಉಚ್ಚಾರಣೆ ಸಮೇತ ಬದಲಾಗಿರ್ತಾಳೆ. ಮಗನ ಬಗ್ಗೆ ಹೆಚ್ಚು ಗಮನ ಕೊಡಿ. ಎಂಟನೇ ಕ್ಲಾಸಿಗೆ ಬರುವಾಗ ಯಾವ ಗಣಿತಕ್ಕೆ ಹಾಕ್ತಾರೆ ಅನ್ನೋದು ಮುಂದಿನ ನಾಲ್ಕು ವರ್ಷವನ್ನ ನಿರ್ಧರಿಸುತ್ತೆ. ಹಳೇ ಶಾಲೆಯ ಅಂಕಪಟ್ಟಿಯ ಜೊತೆಗೆ ಗಣಿತದ ಪಠ್ಯಸೂಚಿಯನ್ನೂ ತನ್ನಿ, ಕೌನ್ಸೆಲರ್ ಮುಂದೆ ಇಟ್ಟು "ಇಷ್ಟು ಮುಗಿಸಿದ್ದಾನೆ" ಅಂತ ತೋರಿಸಿ. ವಿಶೇಷ ಹೈಸ್ಕೂಲ್ ಕಾರ್ಯಕ್ರಮಗಳ ಅರ್ಜಿಯೂ ಎಂಟನೇ ಕ್ಲಾಸಿನ ಶುರುವಿನಲ್ಲೇ ಬರುತ್ತೆ. ನಿಯಮಗಳು ಬದಲಾಗ್ತಾ ಇರ್ತವೆ, ಆ ವರ್ಷದ್ದನ್ನ ಅವರನ್ನೇ ಕೇಳಿ, ವಾಟ್ಸಾಪನ್ನ ಕೇಳಬೇಡಿ. ಪದವಿಗೆ ಮುಂಚೆ 75 ಗಂಟೆ ಸಮಾಜಸೇವೆ ಈ ರಾಜ್ಯದಲ್ಲಿ ಕಡ್ಡಾಯ, ಈಗಲೇ ಒಂದೊಂದೇ ಗಂಟೆ ಸೇರಿಸ್ತಾ ಹೋಗಲಿ. ಲಸಿಕೆ: ಚಿಕನ್‌ಪಾಕ್ಸ್ ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇಲ್ಲ, ಇಲ್ಲಿ ಕೇಳ್ತಾರೆ. ಬೆಂಗಳೂರಲ್ಲೇ ಹಾಕಿಸಿ, ಡಾಕ್ಟರ ಸಹಿ, ತಾರೀಖು ಸಮೇತ ತನ್ನಿ. ಮನೆಗೆ ಸಹಿ ಹಾಕೋ ಮುಂಚೆ ಶಾಲೆ ಬಿಡೋ ಹೊತ್ತಿಗೆ ಆ ಗೇಟಿನ ಮುಂದೆ ಅರ್ಧ ಗಂಟೆ ನಿಂತು ನೋಡಿ, ಆಗದಿದ್ರೆ ನನಗೆ ಹೇಳಿ, ನಾನೇ ಹೋಗಿ ನಿಂತು ನೋಡಿ ಬರೀತೀನಿ.

ಇನ್ನೊಂದು ವಿಷಯ ಬರೀಬೇಕೋ ಬೇಡವೋ ಅಂತ ಯೋಚಿಸ್ತಿದ್ದೆ. ನೀವೂ ಎಚ್-1ಬಿ ಕೆಲಸದ ವೀಸಾ ಮೇಲೆ ಬರ್ತಿರೋದ್ರಿಂದ ಬರೀತೀನಿ.

ಮಗಳು ಈಗ ಹನ್ನೆರಡನೇ ಕ್ಲಾಸು ಮುಗಿಸ್ತಿದ್ದಾಳೆ. ನಮ್ಮ ಗ್ರೀನ್ ಕಾರ್ಡ್ ಅರ್ಜಿ 2015ರದ್ದು, ಸರದಿ ಇನ್ನೂ ಬಂದಿಲ್ಲ. ಅವಳು ಎಚ್-4, ಅಂದ್ರೆ ಎಚ್-1ಬಿ ಇರೋರ ಮನೆಯವರಿಗೆ ಕೊಡೋ ವೀಸಾ. ನನ್ನದೂ ಎಚ್-4, ಆದ್ರೆ ನನಗೆ ಕೆಲಸ ಮಾಡೋ ಪರ್ಮಿಟ್ ಇದೆ, ಅವಳಿಗಿಲ್ಲ. ಇಲ್ಲೇ ಹುಟ್ಟಿದ ತಮ್ಮನಿಗೆ ಯಾವ ತೊಂದರೆಯೂ ಇಲ್ಲ. ಹದಿನಾರಕ್ಕೆ ಕ್ಲಾಸಿನವರೆಲ್ಲ ಬೇಸಿಗೆಯಲ್ಲಿ ಐಸ್‌ಕ್ರೀಂ ಅಂಗಡಿ, ಈಜುಕೊಳ ಅಂತ ಕೆಲಸಕ್ಕೆ ಸೇರಿದಾಗ ಇವಳು "ನಮ್ಮಮ್ಮ ಸ್ಟ್ರಿಕ್ಟು, ಬಿಡಲ್ಲ" ಅಂತ ನನ್ನ ಮೇಲೆ ಹಾಕಿದ್ದಾಳೆ. ಹೋದ ಅಕ್ಟೋಬರಿನಲ್ಲಿ ಕಾಲೇಜಿನ ಸರ್ಕಾರಿ ಸಹಾಯಧನದ ಅರ್ಜಿಯನ್ನ ಎಲ್ಲರೂ ಕ್ಲಾಸಿನಲ್ಲೇ ತುಂಬಿ ಅಂತ ಕೌನ್ಸೆಲರ್ ಲ್ಯಾಪ್‌ಟಾಪ್ ತೆಗೆಸಿದ್ರು. ಎಚ್-4 ಮಕ್ಕಳಿಗೆ ಆ ಅರ್ಜಿ ಹಾಕೋ ಹಾಗಿಲ್ಲ, ಒಂಬತ್ತು ಅಂಕಿಯ ಸೋಷಿಯಲ್ ಸೆಕ್ಯುರಿಟಿ ನಂಬರೂ ಇರಲ್ಲ. ಇವಳು ಸುಮ್ನೆ ಸ್ಕ್ರೀನ್ ಮೇಲೆ ಕೆಳಗೆ ಮಾಡ್ತಾ ಕೂತಿದ್ದಾಳೆ. ಕೌನ್ಸೆಲರ್ ಹತ್ರ ಬಂದಾಗ "ಅಪ್ಪ ಪಾಸ್‌ವರ್ಡ್ ಮರೆತಿದ್ದಾರೆ" ಅಂದ್ಲಂತೆ. ಎರಡು ಬೆಂಚು ಹಿಂದಿನಿಂದ ಇನ್ನೊಬ್ಬ ಹುಡುಗಿಯ ದನಿ: "ನಮ್ಮಪ್ಪನೂ ಮರೆತಿದ್ದಾರೆ."

ಆ ಹುಡುಗಿ ಹೊಂಡುರಾಸಿನವಳು, ನಮ್ಮ ಗ್ರೂಪಿನವರು "ಕ್ರೌಡ್" ಅಂತಿದ್ದ ಅದೇ ಅಪಾರ್ಟ್‌ಮೆಂಟಿನವಳು. ನಾಲ್ಕು ವರ್ಷ ಒಂದೇ ಶಾಲೆ, ಒಂದೇ ಬಸ್ಸು, ಒಂದು ದಿನವೂ ಒಂದೇ ಕ್ಲಾಸಲ್ಲ, ಆ ದಿನ ಮಾತ್ರ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ರು. ಅವತ್ತು ಸಂಜೆ ಬಸ್ಸಿನಲ್ಲಿ ಅವಳು ಬಂದು ಪಕ್ಕದಲ್ಲಿ ಕೂತು ಪಿಸುಗುಟ್ಟಿದ್ದು ಇಷ್ಟೇ ಅಂತೆ: "ನಿನಗೂ ಒಂಬತ್ತು ಅಂಕಿ ಇಲ್ವಾ?"

ಎರಡೂ ಒಂದೇ ಕಷ್ಟ ಅಂತ ನಾನು ಹೇಳಲ್ಲ. ನಮ್ಮ ಹತ್ರ ವೀಸಾ ಇದೆ, ಬಾಗಿಲು ತಟ್ಟಿದ್ರೆ ನಾವು ಹೆದರಲ್ಲ, ಅವರಪ್ಪ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡೋದೇ ಒಂದು ಧೈರ್ಯ. ಹಾಗೇ 2012ರಲ್ಲಿ ಮೇರಿಲ್ಯಾಂಡಿನ ಜನ ಮತ ಹಾಕಿ ಒಪ್ಪಿದ ಕಾಯ್ದೆಯಿಂದ ಅವಳಂಥ ಕಾಗದಪತ್ರ ಇಲ್ಲದವರಿಗೆ ಕಾಲೇಜಿನಲ್ಲಿ ಇದೇ ರಾಜ್ಯದವರು ಕಟ್ಟೋ ಕಡಿಮೆ ಫೀಸಿಗೇ ಓದೋ ದಾರಿಯೂ ಇದೆ, ಅದರ ಕಾಗದಗಳನ್ನ ಇಬ್ಬರೂ ನಮ್ಮ ಊಟದ ಟೇಬಲ್ ಮೇಲೆ ಹರಡಿಕೊಂಡು ಓದ್ತಾರೆ. ಮೊದಲ ಸಲ ಆ ಹುಡುಗಿ ಮನೆಗೆ ಬಂದಾಗ ನಾನು ಏನು ಮಾಡಿದೆ ಅಂತ ಹೇಳಿಬಿಡ್ತೀನಿ: ಮಗಳನ್ನ ಅಡುಗೆಮನೆಗೆ ಕರೆದು "ಯಾರ ಪೈಕಿ?" ಅಂತ ಕೇಳಿದೆ. ಅವಳು ಬಾಯಿಬಿಟ್ಟು ಉತ್ತರ ಕೊಡಲಿಲ್ಲ, ನನ್ನ ಮುಖ ನೋಡಿದ್ಲು, ಎರಡು ಪ್ಲೇಟ್ ಉಪ್ಪಿಟ್ಟು ತಗೊಂಡು ಹೋದ್ಲು.

ಲಸಿಕೆ ಪಟ್ಟಿ ಮರೀಬೇಡಿ. ಜರ್ಮನ್‌ಟೌನ್ ಮನೆಯ ವಿಳಾಸ ಮೆಸೇಜ್ ಮಾಡಿ, ಬರೋ ವಾರ ಹೋಗಿ ನೋಡಿ ಹೇಳ್ತೀನಿ.